ಕಂಪ್ಯಾನಿಯನ್ ಕಲಿಸಿದ ಸರ್

ನಮ್ಮ ಇಂಗ್ಲಿಷ್ ಸರ್ ಅವರ ಬಲಭುಜ ಎಡಭುಜಕ್ಕಿಂತ ತುಸು ಕೆಳಗಿತ್ತು. ವರ್ಷಗಟ್ಟಲೆ ವಾಡಿಯಿಂದ ಚಿತ್ತಾಪುರದ ಶಾಲೆಗೆ ರೈಲಿನಲ್ಲಿ ಅದೇ ಚೀಲ ಹೊತ್ತು ಓಡಾಡಿದ್ದರ ಫಲ. ಹುಬ್ಬಿನಲ್ಲಿ ವಾಡಿಯ ಸಿಮೆಂಟ್ ಕಾರ್ಖಾನೆಯ ಬೂದು ಧೂಳು. ಅದೇ ಶಾಲೆಯಲ್ಲಿ ಗಣಿತ ಕಲಿಸುವವಳು ನಾನು. ಸರ್ ಬಂದವರೇ ಸ್ಟಾಫ್ ರೂಮಿನ ಕುರ್ಚಿಯಲ್ಲಿ ಕುಸಿದು, "ಸಾಕಾಗ್ಯಾದವಾ ತಂಗಿ" ಎನ್ನುತ್ತಿದ್ದರು. ಗಂಟೆ ಹೊಡೆದರೆ ಎಲ್ಲರಿಗಿಂತ ಮೊದಲು ಏಳುವವರೂ ಅವರೇ.

ಪದವೊಂದನ್ನು ಕಲಿಸಿದರೆ ಅರ್ಥ, ಹುಟ್ಟು, ಬಳಕೆ ಹೇಳದೆ ಬಿಡುತ್ತಿರಲಿಲ್ಲ. ಅವರಿಗೆ ಅತಿ ಪ್ರೀತಿಯದು ಕಂಪ್ಯಾನಿಯನ್. "ಅರ್ಥ, ಜೊತೆಗಾರ. ಹುಟ್ಟಿದ್ದು ಲ್ಯಾಟಿನ್‌ದಾಗ. ಕಮ್ ಅಂದ್ರ ಕೂಡಿ, ಪಾನಿಸ್ ಅಂದ್ರ ರೊಟ್ಟಿ. ಕೂಡಿ ರೊಟ್ಟಿ ತಿನ್ನಾವ್ರು." ಬಿಸಿಯೂಟದ ವಾಸನೆಗೆ ಮೂಗರಳಿಸಿ ಕುಳಿತ ಮಕ್ಕಳಿಗೆ ಇದು ತಕ್ಷಣ ತಿಳಿಯುತ್ತಿತ್ತು.

ತಿಳಿಯದಿದ್ದುದು ನಮ್ಮ ಸ್ಟಾಫ್ ರೂಮಿಗೆ. ಸರ್ ಸನ್ನತಿ ಕಡೆಯ ಬೌದ್ಧರು, ದಲಿತ ಕೇರಿಯಿಂದ ಬಂದವರು. ಉಳಿದವರಲ್ಲಿ ಹೆಚ್ಚಿನವರು ನಮ್ಮಂಥ ಲಿಂಗಾಯತರು, ಬಸವಣ್ಣನ ವಚನ ಬಾಯಿಪಾಠ ಇದ್ದವರು. ಮಧ್ಯಾಹ್ನ ಎಲ್ಲರ ಡಬ್ಬಿ ಮೇಜಿನ ನಡುವೆ ಸೇರಿ, ರೊಟ್ಟಿ, ಪಲ್ಯ, ಶೇಂಗಾ ಹಿಂಡಿ ಕೈಯಿಂದ ಕೈಗೆ ಹೋಗುತ್ತಿದ್ದವು. ಸರ್ ಡಬ್ಬಿ ಕಿಟಕಿಯ ಕಟ್ಟೆಯ ಮೇಲೆ. ಸೇಡಂನಿಂದ ಹೊಸದಾಗಿ ಬಂದ ನಾನು ಮೊದಲ ದಿನವೇ ಡಬ್ಬಿಯನ್ನು ರೈಲಿನಲ್ಲಿ ಮರೆತಿದ್ದೆ. ಸರ್ ಕರೆದರು, ಹೋಗಿ ತಿಂದೆ. ಹಸಿದಿದ್ದೆ ಅಷ್ಟೇ, ದೊಡ್ಡ ವಿಚಾರವೇನೂ ಇರಲಿಲ್ಲ. ಮರುದಿನದಿಂದ ಮೇಜಿನ ಮೇಲೆ ನನ್ನ ಡಬ್ಬಿಗೂ ಜಾಗವಿರಲಿಲ್ಲ, ಅದೂ ಕಿಟಕಿಗೆ ಹೋಯಿತು.

ನಿವೃತ್ತಿಯ ದಿನ ಸರ್ ಶಾಲು, ಹಾರ ಬೇಡವೆಂದಿದ್ದರು. "ನಮ್ಮ ಮನಿ ರೊಟ್ಟಿ ತರ್ತೀನಿ, ಎಲ್ಲಾರೂ ಕೂಡಿ ಉಣ್ಣಮ್ರಿ. ನನಗ ಅಷ್ಟೇ ಸಾಕು." ಹೆಂಡತಿ ನಸುಕಿನಲ್ಲೆದ್ದು ಬಡಿದ ರೊಟ್ಟಿಯ ಗಂಟನ್ನು ಸರ್ ತಂದು ಮೇಜಿನ ನಡುವೆಯೇ ಬಿಚ್ಚಿದರು. ಒಬ್ಬರಿಗೆ ಸೋಮವಾರದ ಉಪವಾಸ, ಇನ್ನೊಬ್ಬರಿಗೆ ಆಸಿಡಿಟಿ. ಹೆಡ್ ಮಾಸ್ತರರು, "ಈಗೇ ನಾಷ್ಟಾ ಆಗ್ಯಾದ್ರಿ ಸರ್" ಎಂದು ಹೊಟ್ಟೆ ಸವರಿಕೊಂಡರು. ಬೇಡವೆಂದ ಶಾಲನ್ನು ತಪ್ಪದೆ ಹೊದಿಸಿದರು. ನನಗೆ ಮೈಯೆಲ್ಲ ಉರಿದುಹೋಯಿತು.

ಸರ್ ಸಿಟ್ಟಾಗಲಿಲ್ಲ. ಗಂಟು ಕಟ್ಟುತ್ತ ನನಗೆ ಹೇಳಿದರು, "ಅರ್ಥ ಎಲ್ಲಾರಿಗೂ ಗೊತ್ತದವಾ. ಬಳಕಿ ಬರಂಗಿಲ್ಲ. ನಾ ಭಾಳ ದಣದೀನಿ, ಇನ್ನ ನೀ ಕಲಿಸು."

ಕಳೆದ ಬೇಸಿಗೆಯಲ್ಲಿ ಅವರು ತೀರಿಕೊಂಡರು. ಪುಣ್ಯಸ್ಮರಣೆಗೆ ವಾಡಿಯ ಮನೆಗೆ ಶಾಲೆಯವರೆಲ್ಲ ಹೋದೆವು. ಎಲ್ಲರೂ ಸರ್ ಅವರನ್ನು ಹೊಗಳಿದರು, ಕಣ್ಣೀರೂ ಬಂತು, ಅದು ಸುಳ್ಳಲ್ಲ. ಅವರ ಹೆಂಡತಿ "ಊಟ ಮಾಡಿ ಹೋಗ್ರಿ" ಎಂದಾಗ ಎಲ್ಲರಿಗೂ ರೈಲು ನೆನಪಾಯಿತು. ನಾನು ಕುಳಿತೆ. ಹೆಡ್ ಮಾಸ್ತರರು ಚಪ್ಪಲಿ ಮೆಟ್ಟಿ ಅಂಗಳ ದಾಟಿದವರು, ಅದೇನನ್ನಿಸಿತೋ, ತಿರುಗಿ ಬಂದು ನನ್ನ ಪಕ್ಕ ಕುಳಿತರು. "ನನಗೂ ಒಂದು ರೊಟ್ಟಿ ಹಾಕ್ರಿ ಅಕ್ಕಾ" ಎಂದರು.

ಅಕ್ಕ ಎರಡು ಹಾಕಿದರು. ಇಷ್ಟಕ್ಕಾಗಿ ಸರ್ ಸಾಯಬೇಕಾಯಿತಲ್ಲ ಎಂದುಕೊಳ್ಳುತ್ತ ನಾನು ನನ್ನ ರೊಟ್ಟಿ ಮುರಿದೆ.