ಲ್ಯಾಬಿನಲ್ಲಿ ಇಲ್ಲದ ವೈಫೈ

ಖಾನಾಪುರದ ಒಂದು ಡಿಪ್ಲೊಮಾ ಕಾಲೇಜಿನಲ್ಲಿ ನಾನು ಕಂಪ್ಯೂಟರ್ ನೆಟ್‌ವರ್ಕ್ ಪಾಠ ಮಾಡುತ್ತೇನೆ. ಮನೆ ಬೆಳಗಾವಿಯ ಹಿಂದವಾಡಿಯಲ್ಲಿ. ದಿನಾ ಬೆಳಿಗ್ಗೆ ಬಸ್ಸು ಹಿಡಿದು ಹೋಗುತ್ತೇನೆ, ಸಂಜೆ ಮರಳುತ್ತೇನೆ. ಸೇರಿದ ಮೊದಲ ಎರಡು ವರ್ಷ ಒಂದು ಪ್ರಾಕ್ಟಿಕಲ್ಲನ್ನು ಮಾಡಿಸದೆಯೇ, ಮಾಡಿಸಿದ್ದೇನೆ ಎಂದು ಸಹಿ ಹಾಕಿದ್ದೆ. ವೈಫೈ ಜಾಲವೊಂದನ್ನು ಕಟ್ಟಿ, ಪಾಸ್‌ವರ್ಡ್ ಇಟ್ಟು, ಇನ್ನೊಂದು ಯಂತ್ರವನ್ನು ಅದಕ್ಕೆ ಜೋಡಿಸುವ ಪ್ರಾಕ್ಟಿಕಲ್ ಅದು. ನಮ್ಮ ಲ್ಯಾಬಿನ ಹಳೆಯ ಡೆಸ್ಕ್‌ಟಾಪ್‌ಗಳಲ್ಲಿ ಒಂದಕ್ಕೂ ವೈಫೈ ಹಿಡಿಯುವ ಅಡಾಪ್ಟರ್ ಇರಲಿಲ್ಲ. ನಾನು ಹಲಗೆಯ ಮೇಲೆ ಚಿತ್ರ ಬರೆಯುತ್ತಿದ್ದೆ, ವಿದ್ಯಾರ್ಥಿಗಳು ಅದನ್ನು ಜರ್ನಲ್ಲಿಗೆ ಇಳಿಸಿಕೊಳ್ಳುತ್ತಿದ್ದರು.

ಮೂರನೆಯ ವರ್ಷ, ಖಾನಾಪುರದಾಚೆಯ ಕಾಡಂಚಿನ ಹಳ್ಳಿಯಿಂದ ಬರುತ್ತಿದ್ದ ಒಬ್ಬ ಹುಡುಗಿ ಆ ಪುಟವನ್ನು ಖಾಲಿ ಬಿಟ್ಟು ಜರ್ನಲ್ ತಂದುಕೊಟ್ಟಳು. ಮನೆಯಲ್ಲಿ ಮರಾಠಿ, ಕನ್ನಡವನ್ನು ಒಂದೊಂದೇ ಮಾತು ಆರಿಸಿ ಆಡುವವಳು.

"ಇದನ್ಯಾಕ ಬರದಿಲ್ಲವ್ವಾ?" ಎಂದೆ.

"ಕನೆಕ್ಟ್ ಆತು ಅಂತ ಹೆಂಗ ಬರೀಲ್ರಿ ಮೇಡಂ? ಆಗಿದ್ದು ನಾ ನೋಡೇ ಇಲ್ಲರಿ."

ತರಗತಿ ನಕ್ಕಿತು. ನನಗೆ ನಗು ಬರಲಿಲ್ಲ. "ಪರೀಕ್ಷಾ ಬರೂದ್ರಾಗ ತೋರಸ್ತೀನಿ. ಆ ಹಾಳಿ ಹಂಗ ಖಾಲಿ ಬಿಡು" ಎಂದೆ. ಹೇಗೆ ತೋರಿಸುವುದೆಂದು ಆಗ ನನಗೂ ಗೊತ್ತಿರಲಿಲ್ಲ.

ಅಡಾಪ್ಟರ್ ಬೇಕೆಂದು ಮತ್ತೊಮ್ಮೆ ಅರ್ಜಿ ಬರೆದೆ. ಅದು ಬರುವವರೆಗೆ ಕೈಕಟ್ಟಿ ಕೂರುವ ಮನಸ್ಸಿರಲಿಲ್ಲ. ಲ್ಯಾಬಿನಲ್ಲಿ ವರ್ಚುವಲ್ ಮಷೀನ್ ಆಗಲೇ ಇತ್ತು. ಅಂದರೆ ಒಂದು ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರ್ ಇದ್ದಂತೆ ನಡೆಸುವ ತಂತ್ರಾಂಶ. ಮಕ್ಕಳು ಅದರೊಳಗೆ ಲಿನಕ್ಸ್ ಎಂಬ, ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶವನ್ನು ಕಲಿಯುತ್ತಿದ್ದರು. ಏನಾದರೂ ಕೆಟ್ಟರೆ ಅಳಿಸಿ ಹೊಸದಾಗಿ ಹಾಕಬಹುದಿತ್ತು. ಆದರೆ ಆ ಒಳಗಿನ ಕಂಪ್ಯೂಟರಿಗೆ ವೈಫೈ ಅನ್ನುವುದೇ ಗೊತ್ತಿಲ್ಲ. ಹೊರಗಿನದು ವೈಫೈಯಲ್ಲೇ ಇದ್ದರೂ ಒಳಗೆ ಕಾಣುವುದು ಕೇಬಲ್ ಮಾತ್ರ.

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಹುಡುಕುತ್ತಾ ಕೂತಾಗ, ಲಿನಕ್ಸಿನಲ್ಲೇ ಸುಳ್ಳು ವೈಫೈ ಅಡಾಪ್ಟರ್‌ಗಳನ್ನು ಹುಟ್ಟಿಸುವ ಒಂದು ಸಣ್ಣ ಭಾಗವಿದೆ ಎಂದು ಓದಿದೆ. ಆಂಟೆನಾ ಇಲ್ಲ, ತರಂಗವಿಲ್ಲ. ಒಂದು ಅಡಾಪ್ಟರ್ ಕಳಿಸಿದ್ದನ್ನು ಕಂಪ್ಯೂಟರಿನ ಮೆಮೊರಿಯೊಳಗೇ ಇನ್ನೊಂದಕ್ಕೆ ಮುಟ್ಟಿಸುತ್ತದೆ. ಉಳಿದ ಲಿನಕ್ಸು ಅದನ್ನು ನಿಜವೆಂದೇ ನಂಬಿ ನಡೆಯುತ್ತದೆ. ಕೂಡಲೇ ಮನೆಯ ಲ್ಯಾಪ್‌ಟಾಪಿನಲ್ಲಿದ್ದ ಅಂಥದ್ದೇ ವರ್ಚುವಲ್ ಮಷೀನಿನಲ್ಲಿ ಆಜ್ಞೆ ಕೊಟ್ಟೆ. 'ಅಂಥದ್ದೇನೂ ಇಲ್ಲ' ಎಂಬ ಉತ್ತರ ಬಂತು. ವರ್ಚುವಲ್ ಮಷೀನಿಗೆಂದು ಸಿದ್ಧಪಡಿಸಿದ ಲಿನಕ್ಸಿನಲ್ಲಿ ಜಾಗ ಉಳಿಸಲು ಆ ಭಾಗವನ್ನೇ ತೆಗೆದುಹಾಕಿದ್ದರು. ಅದು ತಿಳಿಯಲು ಒಂದು ವಾರ ಹಿಡಿಯಿತು. ಬೇಕಾದದ್ದನ್ನು ಮನೆಯಲ್ಲಿ ಇಳಿಸಿಕೊಂಡು ಪೆನ್‌ಡ್ರೈವಿನಲ್ಲಿ ಖಾನಾಪುರಕ್ಕೆ ಒಯ್ದೆ.

ನಮ್ಮ ಲ್ಯಾಬ್ ಸಹಾಯಕರನ್ನು ಕಾಲೇಜಿನವರೆಲ್ಲ ಚಾಚಾ ಅನ್ನುತ್ತಾರೆ. ರೇಡಿಯೊ ರಿಪೇರಿಯಿಂದ ಶುರು ಮಾಡಿ ಕಂಪ್ಯೂಟರಿಗೆ ಬಂದವರು. ಪರದೆಯ ಮೇಲೆ ಎರಡು ವೈಫೈ ಅಡಾಪ್ಟರ್ ಮೂಡಿದ್ದನ್ನು ಅವರು ಕನ್ನಡಕ ಏರಿಸಿ ನೋಡಿದರು. ಒಂದರಲ್ಲಿ ಜಾಲ ಕಟ್ಟಿ, ಇನ್ನೊಂದನ್ನು ಜೋಡಿಸಿದೆ. ಒಂದರಿಂದ ಇನ್ನೊಂದಕ್ಕೆ 'ಇದ್ದೀಯಾ' ಎಂದು ಕೇಳುವ ಪಿಂಗ್ ಕಳಿಸಿದರೆ ಟಕಟಕ ಉತ್ತರ. ನನಗೆ ಹಿಗ್ಗೋ ಹಿಗ್ಗು.

"ಮೇಡಂ, ಈಗ ವೈಫೈ ಬಂದ್ ಮಾಡ್ರಿ" ಎಂದರು ಚಾಚಾ.

ಬಂದ್ ಮಾಡಿದೆ. ಉತ್ತರ ಬರುತ್ತಲೇ ಇತ್ತು.

"ಇದು ಖರೇ ಅಲ್ಲರಿ. ಸ್ಟೇಷನ್ ಬಂದ್ ಆದ್ಮ್ಯಾಲೆ ರೇಡಿಯೊ ಹಾಡಬಾರ್ದು."

ಅವರ ಮಾತು ಸರಿ. ಎರಡೂ ಅಡಾಪ್ಟರ್ ಒಂದೇ ಯಂತ್ರದಲ್ಲಿದ್ದುದರಿಂದ ಲಿನಕ್ಸು ವೈಫೈಯ ಗೊಡವೆಗೇ ಹೋಗದೆ ಒಳಗೊಳಗೇ ಉತ್ತರ ಕೊಟ್ಟುಕೊಳ್ಳುತ್ತಿತ್ತು. ಅದನ್ನೇ ಮಕ್ಕಳಿಗೆ ತೋರಿಸಿದ್ದರೆ ಹಲಗೆಯ ಚಿತ್ರಕ್ಕಿಂತ ದೊಡ್ಡ ಸುಳ್ಳಾಗುತ್ತಿತ್ತು.

ಮುಂದಿನ ಹತ್ತು ದಿನ, ಮಧ್ಯಾಹ್ನದ ಬಿಡುವಿನಲ್ಲಿ, ರೊಟ್ಟಿ ಡಬ್ಬಿ ಪಕ್ಕಕ್ಕಿಟ್ಟುಕೊಂಡು ಇಬ್ಬರೂ ಅದಕ್ಕೇ ಕೂತೆವು. ಕೊನೆಗೆ ಉಪಾಯ ಸಿಕ್ಕಿತು. ಎರಡು ಅಡಾಪ್ಟರ್‌ಗಳನ್ನು ಬೇರೆ ಬೇರೆ ಕೋಣೆಯಲ್ಲಿಟ್ಟಂತೆ ಲಿನಕ್ಸಿನೊಳಗೆ ಗೋಡೆ ಹಾಕಬಹುದು. ಆಗ ಅವಕ್ಕೆ ವೈಫೈ ಬಿಟ್ಟರೆ ಬೇರೆ ದಾರಿಯಿಲ್ಲ. ಈ ಸಲ ನಾನೇ ಮೊದಲು ಬಂದ್ ಮಾಡಿದೆ. ಉತ್ತರ ನಿಂತಿತು. ಮತ್ತೆ ಚಾಲೂ ಮಾಡಿದೆ, ಬಂತು. ತಪ್ಪು ಪಾಸ್‌ವರ್ಡ್ ಕೊಟ್ಟೆ, ಒಳಗೆ ಬಿಡಲಿಲ್ಲ.

"ಈಗ ಹೌದ್ರಿ" ಎಂದು ಚಾಚಾ ತಮ್ಮ ಡಬ್ಬಿ ತೆರೆದರು.

ಆ ವಾರವೇ ಮಕ್ಕಳಿಗೆ ಮಾಡಿಸಿದೆವು. ಒಬ್ಬೊಬ್ಬರೂ ತಮ್ಮ ಜಾಲಕ್ಕೊಂದು ಹೆಸರಿಟ್ಟರು. ಆ ಹುಡುಗಿ ತನ್ನ ಹಳ್ಳಿಯ ಹೆಸರಿಟ್ಟಳು. ಜೋಡಿಸಿ, ಬಿಡಿಸಿ, ಬೇಕೆಂದೇ ಕೆಡಿಸಿ, ಮತ್ತೆ ಕಟ್ಟಿದಳು. ಕೊನೆಗೆ ಹೋಗಿ ಖಾಲಿ ಹಾಳೆ ತುಂಬಿಸಿದಳು.

ಪರೀಕ್ಷೆಗೆ ಬೆಳಗಾವಿಯಿಂದ ಬಂದ ಪರೀಕ್ಷಕರು ಲ್ಯಾಬಿನಲ್ಲೆಲ್ಲ ಒಮ್ಮೆ ಕಣ್ಣಾಡಿಸಿ ಅವಳ ಬಳಿ ನಿಂತರು. "ಇಲ್ಲಿ ವೈಫೈ ಅಡಾಪ್ಟರೇ ಇಲ್ಲಲ್ಲವ್ವಾ, ಏನ್ ತೋರಸಾಕತ್ತಿ?"

ಪರೀಕ್ಷೆಯ ನಡುವೆ ನಾನು ಬಾಯಿ ಹಾಕುವಂತಿರಲಿಲ್ಲ.

"ಅಡಾಪ್ಟರ್ ಸುಳ್ಳ ಐತ್ರಿ ಸರ್" ಎಂದಳು. "ಪಾಸ್‌ವರ್ಡ್ ಕೇಳೂದು, ಒಳಗ ಬಿಡೂದು ಖರೇ ಐತ್ರಿ. ಬೇಕಂದ್ರ ನೀವ ತಪ್ಪ್ ಪಾಸ್‌ವರ್ಡ್ ಹಾಕಿ ನೋಡ್ರಿ."

ಅವರು ಕುರ್ಚಿ ಎಳೆದುಕೊಂಡು ಕೂತು ಎರಡು ಸಲ ತಪ್ಪಾಗಿ, ಒಂದು ಸಲ ಸರಿಯಾಗಿ ಹಾಕಿ ನೋಡಿದರು. ಹೋಗುವಾಗ ನನ್ನಿಂದ ಅದನ್ನು ಮಾಡುವ ಕ್ರಮವನ್ನು ಬರೆಸಿಕೊಂಡು ಹೋದರು.

ಮರುವರ್ಷ ಸಿಗ್ನಲ್ ಹೊರಡಿಸುವ ನಿಜವಾದ ವೈಫೈ ಪೆಟ್ಟಿಗೆಯೂ ನಾಲ್ಕು ಅಡಾಪ್ಟರ್‌ಗಳೂ ಬಂದವು. ಮೊದಲ ದಿನವೇ ಕಬ್ಬಿಣದ ಕಪಾಟಿನ ಹಿಂದಿನ ಮೇಜಿಗೆ ಸಿಗ್ನಲ್ ಸರಿಯಾಗಿ ಮುಟ್ಟಲಿಲ್ಲ. ನಮ್ಮ ವರ್ಚುವಲ್ ಮಷೀನಿನಲ್ಲಿ ದೂರವೆಂಬುದಿರಲಿಲ್ಲ, ಸಿಗ್ನಲ್ಲಿಗೆ ಅಡ್ಡಿಯೆಂಬುದಿರಲಿಲ್ಲ. ಅದನ್ನು ನಾನು ಮಕ್ಕಳಿಗೆ ಹೇಳಿಯೇ ಇರಲಿಲ್ಲ. ಈಗ ಪ್ರಾಕ್ಟಿಕಲ್ಲನ್ನು ಎರಡು ದಿನ ಮಾಡಿಸುತ್ತೇನೆ. ಮೊದಲ ದಿನ ಒಬ್ಬೊಬ್ಬರಿಗೂ ಸುಳ್ಳು ಅಡಾಪ್ಟರ್, ಎಷ್ಟು ಬೇಕಾದರೂ ಕೆಡಿಸಲಿ ಎಂದು. ಎರಡನೆಯ ದಿನ ಚಾಚಾ ನಿಜವಾದ ಪೆಟ್ಟಿಗೆ ಹಿಡಿದು ವರಾಂಡದುದ್ದಕ್ಕೂ ನಡೆಯುತ್ತಾರೆ, ಮಕ್ಕಳು ಸಿಗ್ನಲ್ ಎಲ್ಲಿ ಕುಸಿಯಿತೆಂದು ಕೂಗಿ ಹೇಳುತ್ತಾರೆ.