ಕಾಡರಿಶಿನದ ಫಿಕರು

ಬರಿ ಮಣ್ಣು ನೋಡುತ್ತ ಚಹಾ ತಣ್ಣಗಾಗಿಸಿಕೊಳ್ಳುವ ಗಂಡಸು ಜಹೀರಾಬಾದಿನಲ್ಲಿ ನಾನೊಬ್ಬನೇ ಇರಬೇಕು. ಹಿತ್ತಲ ಬೇವಿನ ನೆರಳಲ್ಲಿ ಒಂದು ಕಾಡರಿಶಿನ ಮಣ್ಣೊಳಗೆ ಮಲಗಿತ್ತು. ಮಲಗಿದೆ ಅನ್ನುವುದು ಓದಿಕೊಂಡವರ ಮಾತು. ನನಗೆ ಮಾತ್ರ ಸತ್ತೇ ಹೋಗಿದೆಯೇನೋ ಎಂಬ ಭಯ.

ತಾಂಡೂರಿನ ಅಕ್ಕ ಹಳೆ ಮನೆ ಕೆಡವಿ ಹೊಸದು ಕಟ್ಟಿಸಲು ಹೊರಟಾಗ ಅದರ ಗಡ್ಡೆಯನ್ನು ನನ್ನ ಕೈಗಿಟ್ಟಿದ್ದಳು. "ಅವ್ವ ಹಚ್ಚಿದ್ದು ಇದೊಂದೇ ಉಳದದ. ಮನಿ ಆಗೂತನಕ ನಿನ್ನ ಬಲ್ಲಿ ಇರ್ಲಿ, ಆಮ್ಯಾಲ ಒಯ್ತೀನಿ." ಆ ಮಳೆಗಾಲ ಅದು ಗುಲಾಬಿ ಬಣ್ಣದ ತೆನೆ ಎತ್ತಿ, ಒಳಗಿಂದ ಹಳದಿ ಹೂ ಇಣುಕಿಸಿ ನನ್ನನ್ನು ಬೀಗುವಂತೆ ಮಾಡಿತು. ಚಳಿಗಾಲಕ್ಕೆ ಎಲೆ ಒಣಗಿ ಮಾಯವಾಯಿತು. ನನ್ನ ಚಿಂತೆಯ ಕಾಯಿಲೆ ಶುರುವಾದದ್ದು ಆಗ.

ಯಾರೂ ತುಳಿಯದಿರಲೆಂದು ಸುತ್ತ ತಾಂಡೂರು ಹಾಸುಗಲ್ಲಿನ ತುಂಡು ನಿಲ್ಲಿಸಿದೆ. ಎಡವಟ್ಟಾದದ್ದೇ ಅಲ್ಲಿ. ಹೆಂಡತಿ ದಿನಾ ಲಿಂಗಪೂಜೆ ಮಾಡುವವಳು. ಲಿಂಗಕ್ಕೆ ಎರೆದ ನೀರನ್ನು ಕಾಲು ತಾಕದ ಕಡೆ ಚೆಲ್ಲಬೇಕು. ಹಿತ್ತಲೆಲ್ಲ ಓಡಾಡುವ ಜಾಗ. ನಾನೇ ಕಲ್ಲು ನೆಟ್ಟು ಕಾಪಾಡಿದ ಆ ಚೂರು ಮಣ್ಣು ಅವಳಿಗೆ ಹೇಳಿ ಮಾಡಿಸಿದಂತಿತ್ತು. ಎಲೆಯಿಲ್ಲದ ಗಡ್ಡೆಗೆ ದಿನಾ ನೀರು ಬಿದ್ದರೆ ಏನಾಗಬೇಕು?

"ಗಡ್ಡಿ ಕೊಳೀತದ" ಎಂದೆ.

"ಲಿಂಗದ ನೀರಿಗಿ ಏನೂ ಕೊಳಿಯಂಗಿಲ್ರಿ. ನಿಮದು ಸುಮ್ನೆ ಫಿಕರ್" ಎಂದಳು.

ಶಿವನ ಎದುರು ಸಸ್ಯಶಾಸ್ತ್ರ ವಾದಿಸುವ ಧೈರ್ಯ ನನಗಿಲ್ಲ. ಅಗೆದು ನೋಡೋಣವೆಂದರೆ ಗುದ್ದಲಿ ತಾಗೀತು. ಅಗೆಯದಿದ್ದರೆ ಒಳಗಿನ ಸುದ್ದಿ ತಿಳಿಯದು. ಹಾಗಾಗಿ ಬೆಳಗಾದರೆ ಕಲ್ಲುಗಳ ಆಚೆ, ಒಂದೇ ಜಾಗದಲ್ಲಿ, ಚಹಾ ಹಿಡಿದು ನಿಂತು ಮಣ್ಣನ್ನು ಬೇಡಿಕೊಳ್ಳುವುದೇ ನನ್ನ ಪೂಜೆಯಾಯಿತು. ಅಷ್ಟರಲ್ಲಿ ಅಕ್ಕನ ಫೋನು ಬಂತು: "ಮನಿ ಮುಗದದ. ಮಳಿ ಹಿಡದ ಮ್ಯಾಲ ಬರ್ತೀನಿ. ಅವ್ವನ ಹೂ ಚಲೋ ಅದ ಇಲ್ಲ?" ನಾನು ಹ್ಞೂಂಗುಟ್ಟಿದೆ.

ಮಳೆ ಬಂತು. ಕಲ್ಲುಗಳ ಒಳಗೆ ಗರಿಕೆ ಎದ್ದಿತು, ಯಾವುದೋ ಟೊಮೆಟೊ ಸಸಿಯೂ ಎದ್ದಿತು. ಕಾಡರಿಶಿನ ಏಳಲಿಲ್ಲ. ನಾಳೆ ಅಕ್ಕ ಬರುತ್ತಾಳೆ ಅನ್ನುವಾಗ ನಾನು ಎಂದಿನ ಜಾಗದಲ್ಲಿ ನಿಂತು ಅವಳಿಗೆ ಹೇಳಬೇಕಾದ ಮಾತು ಹೊಂದಿಸುತ್ತಿದ್ದೆ. ಅವ್ವನನ್ನು ಇನ್ನೊಮ್ಮೆ ಕಳೆದುಕೊಂಡಷ್ಟು ಸಂಕಟವಾಗುತ್ತಿತ್ತು. ಪೂಜೆಯ ನೀರು ಹಿಡಿದು ಬಂದ ಹೆಂಡತಿ ನನ್ನ ಕಾಲನ್ನೇ ದಿಟ್ಟಿಸಿದಳು.

"ಜರಾ ಹಿಂದ ಸರೀರಿ! ಅದರ ಮ್ಯಾಲೇ ನಿಂತೀರಲ್ಲ!"

ಚಪ್ಪಲಿ ಎತ್ತಿದೆ. ನೀರು ನಿಲ್ಲುವ ಜಾಗ ಬಿಟ್ಟು, ಕಲ್ಲಿನ ಅಡಿಯಿಂದ ಗಡ್ಡೆ ಆಚೆಗೆ ಬೆಳೆದಿತ್ತು. ಸುರುಳಿ ಸುತ್ತಿದ ಹಸಿರು ತುದಿಯೊಂದು ಸೊಟ್ಟಗೆ ಬಾಗಿಕೊಂಡು ಹೊರಬಂದಿತ್ತು. ಏಳು, ಏಳು ಎಂದು ನಾನು ಇಷ್ಟು ದಿನ ಬೇಡಿಕೊಂಡಿದ್ದು ಅದರ ತಲೆಯ ಮೇಲೆ ನಿಂತು.