ಬಿಳಿಜಾಲಿಯ ಮೂಲೆ

ಸೂಲೂರಿನಿಂದ ದಕ್ಷಿಣಕ್ಕೆ ಹೋಗುವ ಮಣ್ಣುದಾರಿಯಲ್ಲಿ, ಮಿಲ್ಲಿನ ‘ಸಂಗು’ ಎಂಬ ಸೈರನ್ ಕೂಗಿದರೆ ಸ್ಪಷ್ಟವಾಗಿ ಕೇಳಿಸುವಷ್ಟು ದೂರದಲ್ಲಿ ಅಂಗಮ್ಮನ ಮನೆಯಿತ್ತು. ಆ ಊರಿನ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಕಾಲದಲ್ಲಿ ನಾನು ಪಕ್ಕದ ಮನೆಯಲ್ಲೇ ಬಾಡಿಗೆಗಿದ್ದೆನು. ಆಕೆಯ ಗಂಡ ಲಿಂಗಪ್ಪನ್ ಸೋಮನೂರಿನ ಪವರ್‌ಲೂಮ್ ಶೆಡ್ಡಿನಲ್ಲಿ ದುಡಿದು ವಾರಕ್ಕೊಮ್ಮೆ ಬರುತ್ತಿದ್ದನು. ಕುರಿಗಳೂ ಅತ್ತೆ ಪಳನಿಯಮ್ಮನೂ ಅಂಗಮ್ಮನ ಪಾಲಿಗೆ.

ಅಂಗಮ್ಮ ನಗುಮುಖದವಳು. ಆದರೆ ಅಂಗಳ ಗುಡಿಸುವಾಗ ಅವಳ ಪೊರಕೆಯ ಸದ್ದೇ ಕೇಳಿಸುತ್ತಿರಲಿಲ್ಲ. ನೆಲಕ್ಕೆ ನೋವಾದೀತು ಎಂಬಂತೆ ಸವರುತ್ತಿದ್ದಳು. ಒಮ್ಮೆ ಮಜ್ಜಿಗೆ ತಂದುಕೊಟ್ಟವಳನ್ನು ಕಾರಣ ಕೇಳಿದೆನು.

ಅವಳ ಚೊಚ್ಚಲ ಹೆರಿಗೆ ಆ ಮನೆಯಲ್ಲೇ ಆಗಿತ್ತು. ಮಗು ಅಳಲಿಲ್ಲ. ಬಾಣಂತಿಗೆ ಎಚ್ಚರ ಬರುವ ಮೊದಲೇ ಪಳನಿಯಮ್ಮ ಅದನ್ನು ಹಳೆಯ ಸೀರೆಯಲ್ಲಿ ಸುತ್ತಿ ಒಬ್ಬಳೇ ಎತ್ತಿಕೊಂಡು ಹೋಗಿ ಮಣ್ಣು ಮಾಡಿ ಬಂದಿದ್ದಳು. ಹೂಳಿದ ಜಾಗ ತಾಯಿಗೆ ತಿಳಿದರೆ ಮುಂದೆ ಬಸುರು ನಿಲ್ಲುವುದಿಲ್ಲವೆಂದು ಆ ಮನೆತನದ ನಂಬಿಕೆ. ಹಾಗಾಗಿ ಜಾಗವನ್ನೂ ಹೇಳಲಿಲ್ಲ, ಗಂಡೋ ಹೆಣ್ಣೋ ಎಂಬುದನ್ನೂ ಹೇಳಲಿಲ್ಲ. ಮುಂದೆ ಬಸುರು ನಿಲ್ಲಲಿಲ್ಲ. ಮುದುಕಿಯ ಮೌನ ಮಾತ್ರ ನೆಲೆನಿಂತಿತು.

“ಎಲ್ಲಿ ಕಾಲಿಟ್ಟರೂ ಅಲ್ಲೇ ಇದೆಯೇನೋ ಅನ್ಸುತ್ತೆ, ಟೀಚರಮ್ಮಾ. ಅದಕ್ಕೇ ಮೆಲ್ಲಗೆ ಗುಡಿಸ್ತೀನಿ,” ಎಂದಳು.

ಎಂಬತ್ತನಾಲ್ಕರ ಐಪ್ಪಸಿ ತಿಂಗಳ ಮಳೆಯಲ್ಲಿ ಅವರ ಕರಿಮೂತಿಯ ಕುರಿ ಈದಿತು. ಮನೆಯ ಹಿಂದೆ ಮುಳ್ಳುಬೇಲಿ ಕಟ್ಟಿದ ಹುಲ್ಲುಗಾವಲು. ಅದರ ತುದಿಯಲ್ಲಿ ಒಂದು ಬಿಳಿಜಾಲಿ ಮರ. ಕುರಿ ಹಿಂಡನ್ನು ಬಿಟ್ಟು, ಯಾರೂ ಸುಳಿಯದ ಆ ಮೂಲೆಗೇ ಹೋಗಿ ಅವಳಿ ಮರಿ ಹಾಕಿತ್ತು. ಮೊದಲನೆಯದು ತಾಯಿ ನೆಕ್ಕುತ್ತಿರುವಾಗಲೇ ಸತ್ತಿತು. ಸತ್ತ ಮರಿಯನ್ನು ಅಂಗಮ್ಮ ದೂರದ ಹಳ್ಳದ ಬದಿಗೆ ಒಯ್ದು ಹೂತಳು. ಎರಡನೆಯದು ಗಟ್ಟಿಯಾಗಿಯೇ ಇತ್ತು. ಆದರೆ ತಾಯಿ ಅದನ್ನು ಮೂಸಿ, ತಲೆಯಿಂದ ಗುದ್ದಿ ಕೆಡವಿತು.

ಮರಿಯ ಮೈಗೆ ಉಪ್ಪು ಸವರಿದರೂ ಕುರಿ ಅದನ್ನು ನೆಕ್ಕಲಿಲ್ಲ. ದೊಡ್ಡಿಯಲ್ಲಿ ಕಟ್ಟಿಹಾಕಿದರೆ ಒದೆಯಿತು. ಬಿಟ್ಟರೆ ನೇರವಾಗಿ ಜಾಲಿಯ ಮೂಲೆಗೆ ಓಡಿ, ಖಾಲಿ ನೆಲವನ್ನು ಮೂಸುತ್ತ, ಬಾಯಿ ತೆರೆಯದೆ ಗಂಟಲಿನಲ್ಲೇ ಗುರುಗುಟ್ಟುತ್ತಿತ್ತು. ಆಗತಾನೇ ಹುಟ್ಟಿದ ಮರಿಯೊಡನೆ ಮಾತ್ರ ಕುರಿಗಳು ಆಡುವ ದನಿ ಅದು. ಅಲ್ಲಿ ಏನೂ ಇರಲಿಲ್ಲ.

ಅಂಗಮ್ಮ ಮರಿಯನ್ನು ಎತ್ತಿಕೊಂಡು ಅಲ್ಲಿಗೇ ಹೋದಳು. ಆ ನೆಲದ ಮೇಲೆ ನಿಂತಾಗ ಕುರಿ ಒದೆಯಲಿಲ್ಲ. ಮುಖವನ್ನು ನೆಲಕ್ಕೆ ಚಾಚಿ ಗುರುಗುಟ್ಟುತ್ತಿದ್ದರೆ, ಹಿಂದಿನಿಂದ ಮರಿ ಹಾಲು ಕುಡಿಯುತ್ತಿತ್ತು. ಅಂದಿನಿಂದ ಸಂಜೆಯ ಸಂಗು ಕೂಗಿದೊಡನೆ ಅಂಗಮ್ಮ ಅಲ್ಲಿ ಹೋಗಿ ಕೂರತೊಡಗಿದಳು.

“ಊರಲ್ಲೆಲ್ಲ ಕುರಿಯೇ ಕುಟ್ಟಿಮರಿ ಸಾಕುತ್ತೆ. ನಮ್ಮನೇಲಿ ಸೊಸೆ ಹೋಗಿ ಕುರಿ ಕಾಲು ಹಿಡೀಬೇಕು!” ಎಂದು ಪಳನಿಯಮ್ಮ ಮೊದಲು ಹಾಸ್ಯ ಮಾಡಿದಳು. ಬಳಿಕ ಹಾಸ್ಯ ನಿಂತಿತು. ಬೇಲಿಯ ಬಳಿ ಬಂದು ನಿಲ್ಲುವಳು, ಹೋಗುವಳು, ಮತ್ತೆ ಬರುವಳು.

ಒಂದು ಸಂಜೆ ನಾನೂ ಅಂಗಮ್ಮನ ಜೊತೆ ಕುಳಿತಿದ್ದೆನು. ಅವಳು ದಣಿದು, ಕುರಿ ಮೂಸುತ್ತಿದ್ದ ಕಡೆಗೆ ಕಾಲು ನೀಡಿದಳು.

“ಏಯ್! ಅಲ್ಲಿ ಕಾಲು ನೀಡಬೇಡ!” ಪಳನಿಯಮ್ಮ ಬೇಲಿಯಾಚೆಯಿಂದ ಕಿರುಚಿದಳು.

“ಯಾಕತ್ತೆ? ಹಾವಾ?”

“ಹಾವೂ ಇಲ್ಲೆ ಗೀವೂ ಇಲ್ಲೆ. ಎದ್ದು ಈಚೆ ಬಾ ಅಂದ್ರೆ ಬರಬೇಕು.”

ಅಂಗಮ್ಮ ಏಳಲಿಲ್ಲ. ಅತ್ತೆಯ ಮುಖವನ್ನು ನೋಡಿದಳು, ಕುರಿಯನ್ನು ನೋಡಿದಳು. ಆಮೇಲೆ ಕಾಲುಗಳನ್ನು ಬಹಳ ಮೆಲ್ಲಗೆ ಸೀರೆಯೊಳಕ್ಕೆ ಎಳೆದುಕೊಂಡಳು.

“ಇಲ್ಲೇನಾ, ಅತ್ತೆ?”

ಮುದುಕಿ ಬೇಲಿಯ ಕಂಬವನ್ನು ಹಿಡಿದುಕೊಂಡಳು. “ಯಾರ ಕಾಲೂ ಬೀಳದ ಜಾಗ ಅಂತ ನಾನೂ ಹುಡುಕಿದೆ, ನನ್ನ ಕಣ್ಣೇ. ಈ ಪಾಳು ಕುರಿಗೂ ಇದೇ ಬೇಕಿತ್ತಾ?”

“ಗಂಡಾ, ಹೆಣ್ಣಾ?”

ಮರಿ ಚಪ್ಪರಿಸುವ ಸದ್ದು ಮಾತ್ರ ಕೇಳಿಸುತ್ತಿತ್ತು.

“ಹೆಣ್ಣು. ತಲೆ ತುಂಬ ಕೂದಲು.”

ಅಂಗಮ್ಮ ಅಳಲಿಲ್ಲ. ಅಂಗೈಯನ್ನು ನೆಲದ ಮೇಲಿಟ್ಟು ಹಾಗೆಯೇ ಕುಳಿತಳು. ಪಳನಿಯಮ್ಮ ಒಳಗೆ ಬಂದು, ತುಸು ದೂರದಲ್ಲಿ, ಬೆನ್ನು ಮಾಡಿ ಕುಳಿತಳು. ನಾನು ಎದ್ದು ಬಂದೆನು.

ಮರುದಿನ ಬೆಳಗ್ಗೆ ಅಂಗಮ್ಮನ ಪೊರಕೆಯ ಸದ್ದು ಮೊದಲ ಬಾರಿಗೆ ನಮ್ಮ ಮನೆಯವರೆಗೂ ಕೇಳಿಸಿತು. ಸರಸರನೆ ಗುಡಿಸುತ್ತಿದ್ದಳು.

ಆ ಮರಿ ಬೆಳೆದು ಮೇವಿಗೆ ಬಿತ್ತು. ಕುರಿಯೂ ಮೂಲೆಯನ್ನು ಮರೆತು ಹಿಂಡಿಗೆ ಸೇರಿತು. ಆದರೂ ನಾನು ಆ ಊರಿನಲ್ಲಿ ಇದ್ದಷ್ಟು ಕಾಲವೂ, ಸಂಜೆಯ ಸಂಗು ಕೂಗಿ ನಿಂತ ಮೇಲೆ, ಜಾಲಿಯ ಕಡೆಯಿಂದ ಬಾಯಿ ತೆರೆಯದೆ ಗುರುಗುಟ್ಟುವ ಆ ದನಿ ಕೇಳಿಬರುತ್ತಿತ್ತು. ಆ ಹೊತ್ತಿಗೆ ಕುರಿಗಳೆಲ್ಲವೂ ದೊಡ್ಡಿಯಲ್ಲಿರುತ್ತಿದ್ದವು. ಬೇಲಿಯಾಚೆ ಇಣುಕಿ ನೋಡಲು ನಾನು ಒಮ್ಮೆಯೂ ಹೋಗಲಿಲ್ಲ.